ಒಲೆಗೂ ಉಸಿರುಂಟು

ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಅಮ್ಮ. ಅಮ್ಮನ ಜೊತೆಗೇ ಏಳುವುದು ಒಲೆ. ಮನೆಮಂದಿಯ ಹೊಟ್ಟೆ ತುಂಬಿಸುವ ಈ ಒಲೆಯ ಹೊಟ್ಟೆಯಲ್ಲಿ ಏನಿದೆ ಎಂದು ಬಗ್ಗಿ ನೋಡುವವರು ಮಾತ್ರ ಕಡಿಮೆ. ಬೆಂಕಿ ಹಿಡಿಯಿತೇ, ಅನ್ನ ಬೆಂದಿತೇ, ಅಷ್ಟಾದರೆ ಸಾಕು. ಆದರೆ ಒಲೆಯೂ ನಮ್ಮಂತೆಯೇ ಉಸಿರಾಡುತ್ತದೆ. ಬಾಯಿಯಿಂದ ಗಾಳಿ ಒಳಗೆ ಹೋಗಬೇಕು, ಕೊಳವೆಯಿಂದ ಹೊಗೆ ಹೊರಗೆ ಹೋಗಬೇಕು. ಅದರ ಉಸಿರು ಕಟ್ಟಿದರೆ ಮನೆಯವರ ಉಸಿರೂ ಕಟ್ಟುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ, ನಮ್ಮ ಅಡುಗೆಮನೆಯಲ್ಲಿ ಕಲಿತದ್ದು. ಈ ಶಾಲೆಯಲ್ಲಿ ಕಲಿತು ಹೋದ ನಾವು ಮೂವರು ಒಡಹುಟ್ಟಿದವರು ಈ ಸಂಚಿಕೆಗಾಗಿ ಅದನ್ನೇ ಬರೆಯಲು ಹೊರಟಿದ್ದೇವೆ.

ನಮ್ಮದು ಕಾಸರಗೋಡಿನ ಒಳನಾಡಿನ ಒಂದು ಸಣ್ಣ ಅಡಿಕೆ ತೋಟದ ಮನೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಹಿಂದೆ ಅಡುಗೆಮನೆಯಲ್ಲಿದ್ದದ್ದು ಮಣ್ಣಿನ ಹಳೆಯ ಒಲೆ. ಹೊಗೆ ಹೋಗಲು ಬೇರೆ ದಾರಿ ಇರಲಿಲ್ಲ. ಹಂಚಿನ ಸಂದಿನಲ್ಲಿ ಎಷ್ಟು ಹೋಗುತ್ತದೆಯೋ ಅಷ್ಟು. ಆಟಿ ತಿಂಗಳ ಮಳೆಯಲ್ಲಿ ಒದ್ದೆ ಮಡಲು, ಒದ್ದೆ ಕೊತ್ತಳಿಗೆ ಉರಿಸಬೇಕಾಗಿ ಬಂದಾಗ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಊದುಕೊಳವೆಯಿಂದ ಊದಿ ಊದಿ ಅಜ್ಜಿಯ ಕಣ್ಣು ಯಾವಾಗಲೂ ಕೆಂಪಾಗಿರುತ್ತಿತ್ತು. ರಾತ್ರಿ ಅವರ ಕೆಮ್ಮು ಜಗಲಿಯವರೆಗೆ ಕೇಳುತ್ತಿತ್ತು.

ಕೊನೆಗೆ ಅಪ್ಪ ಅವರನ್ನು ಪೇಟೆಯ ಡಾಕ್ಟರರ ಬಳಿಗೆ ಕರೆದುಕೊಂಡು ಹೋದರು. ಡಾಕ್ಟರರು ಎದೆ ಪರೀಕ್ಷಿಸಿ, "ಅಜ್ಜಿ, ನೀವು ಬೀಡಿ ಸೇದುತ್ತೀರಾ?" ಎಂದು ಕೇಳಿದರಂತೆ. ಅಜ್ಜಿಗೆ ನಗು ಬಂತು. "ಬೀಡಿ ಮುಟ್ಟಿದವಳಲ್ಲ ನಾನು. ನಲವತ್ತು ವರ್ಷದಿಂದ ಒಲೆಯ ಮುಂದೆ ಕೂತಿದ್ದೇನೆ, ಅಷ್ಟೇ" ಎಂದರಂತೆ. "ಅಷ್ಟೇ ಸಾಕು" ಎಂದರು ಡಾಕ್ಟರರು. ಕೆಟ್ಟುಹೋದ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ, ಇನ್ನಾದರೂ ಹೊಗೆ ಕುಡಿಯದಂತೆ ನೋಡಿಕೊಳ್ಳಿ ಎಂದು ಅಪ್ಪನಿಗೆ ಹೇಳಿ ಕಳುಹಿಸಿದರು. ನಮ್ಮ ಅಜ್ಜಿಯಂಥವರು ಎಷ್ಟು ಮಂದಿ ಎಂಬುದು ನಮಗೆ ಆಗ ತಿಳಿದಿರಲಿಲ್ಲ. ಮನೆಯೊಳಗಿನ ಹೊಗೆಯಿಂದಾಗಿ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಅದು ಹೊಗೆರಹಿತ ಒಲೆಗಳ ಕಾಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯುವುದಕ್ಕೆಂದು 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಗಿತ್ತು. ಅಲ್ಲಿ ರೂಪುಗೊಂಡ ಒಲೆಗೆ 'ಅಸ್ತ್ರ ಒಲೆ' ಎಂದೇ ಹೆಸರು ಬಿತ್ತು. ಇತ್ತ ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಪ್ರಚಾರ ಮಾಡಿದ ಒಲೆಯನ್ನು ಜನ 'ಪರಿಷತ್ ಅಡುಪ್ಪು' ಎಂದು ಕರೆದರು. ಗಡಿನಾಡಿನವರಾದ ನಮಗೆ ಎರಡೂ ಹೆಸರು ಕಿವಿಗೆ ಬೀಳುತ್ತಿತ್ತು. ಕೇಂದ್ರ ಸರಕಾರವೂ 1980ರ ದಶಕದಲ್ಲಿ ದೇಶದ ಉದ್ದಗಲಕ್ಕೆ ಸುಧಾರಿತ ಒಲೆಗಳ ಯೋಜನೆಯನ್ನು ಕೈಗೊಂಡಿತು. ನಮ್ಮ ಮನೆಯಲ್ಲಿ 1987ರಲ್ಲಿ ಎರಡು ಪಾತ್ರೆಯ ಹೊಸ ಒಲೆ ಕಟ್ಟಿಸಿದೆವು. ಅದರ ಹಿಂದೆ ಸುಟ್ಟ ಮಣ್ಣಿನ ಕೊಳವೆಯೊಂದು ಮಾಡನ್ನು ದಾಟಿ ಮೇಲಕ್ಕೆ ಹೋಯಿತು.

ಅಜ್ಜಿಗೆ ಇದು ಒಪ್ಪಿಗೆಯಾಗಲಿಲ್ಲ. "ಹೊಗೆ ಇಲ್ಲದಿದ್ದರೆ ಪಕ್ಕಾಸು, ರೀಪುಗಳಿಗೆ ಹುಳ ಹಿಡಿಯುತ್ತದೆ. ಮಳೆಗಾಲದಲ್ಲಿ ಅಟ್ಟದ ಕೊಬ್ಬರಿ ಒಣಗುವುದು ಹೇಗೆ? ಬಿತ್ತಿನ ಬೀಜ ಇಡುವುದು ಎಲ್ಲಿ?" ಎಂದು ಕೇಳಿದರು. ಅವರ ಮಾತು ಸುಳ್ಳಲ್ಲ. ನಮ್ಮ ಹಿರಿಯರು ಹೊಗೆಯನ್ನು ಸುಮ್ಮನೆ ಸಹಿಸಿದವರಲ್ಲ, ಅದರಿಂದ ಕೆಲಸವನ್ನೂ ಮಾಡಿಸಿಕೊಂಡವರು. ಅಪ್ಪ ವಾದಕ್ಕೆ ಹೋಗಲಿಲ್ಲ. ಹಳೆಯ ಮಾದರಿಯ ಒಲೆಯೊಂದನ್ನು ಹೊರಗಿನ ಕೊಟ್ಟಿಗೆಯಲ್ಲಿ ಹಾಕಿಸಿ, ಕೊಬ್ಬರಿಯ ಅಟ್ಟವನ್ನೂ ಬೀಜದ ಕಟ್ಟನ್ನೂ ಅಲ್ಲಿಗೆ ಸಾಗಿಸಿದರು. ಆ ಒಲೆಯ ಮುಂದೆ ಗಂಟೆಗಟ್ಟಲೆ ಯಾರೂ ಕೂರಬೇಕಾಗಿರಲಿಲ್ಲ.

ಹೊಸ ಒಲೆಗೆ ಬೆಂಕಿ ಹಾಕಿದ ದಿನ ಅಪ್ಪ ಒಂದು ಕಟ್ಟಳೆ ಮಾಡಿದರು: "ಈ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಇದರ ಬೂದಿ ತೆಗೆಯಬೇಕು." ನಮ್ಮ ಶಾಲೆಗೆ ಶನಿವಾರ ರಜೆ. ಹೀಗೆ ಶನಿವಾರ ನಮ್ಮ ಮನೆಯಲ್ಲಿ ಒಲೆಯ ವಾರವಾಯಿತು.

ಒಲೆಗೆ ಇಷ್ಟು ಆರೈಕೆ ಯಾಕೆ ಎಂದು ಕೇಳಬಹುದು. ಬಿಸಿಯಾದ ಗಾಳಿ ಹಗುರವಾಗಿ ಕೊಳವೆಯಲ್ಲಿ ಮೇಲೇರುತ್ತದೆ. ಅದು ಬಿಟ್ಟ ಜಾಗಕ್ಕೆ ಒಲೆಯ ಬಾಯಿಯಿಂದ ಹೊಸ ಗಾಳಿ ನುಗ್ಗುತ್ತದೆ. ಈ ಸೆಳೆತ ಇರುವಷ್ಟು ಹೊತ್ತು ಊದುಕೊಳವೆಯೇ ಬೇಡ. ಆದರೆ ಕಟ್ಟಿಗೆ ಪೂರ್ತಿಯಾಗಿ ಉರಿಯದಿದ್ದಾಗ ಮಸಿಯೂ ಡಾಂಬರಿನಂಥ ಅಂಟೂ ಕೊಳವೆಯ ಒಳಮೈಗೆ ಹಿಡಿಯುತ್ತವೆ. ಹತ್ತು ಸೆಂಟಿಮೀಟರ್ ಅಗಲದ ಕೊಳವೆಯಲ್ಲಿ ಸುತ್ತಲೂ ಒಂದೇ ಸೆಂಟಿಮೀಟರ್ ಮಸಿ ಕಟ್ಟಿತೆನ್ನಿ. ಉಳಿಯುವ ಅಗಲ ಎಂಟು. ಹತ್ತರ ವರ್ಗ ನೂರು, ಎಂಟರ ವರ್ಗ ಅರವತ್ತನಾಲ್ಕು. ಅಂದರೆ ಹೊಗೆಯ ದಾರಿಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮುಚ್ಚಿಹೋಯಿತು! ಒಂದು ಬೆರಳಿನಷ್ಟು ದಪ್ಪವೂ ಇಲ್ಲದ ಮಸಿ ಹೊಗೆಯನ್ನು ತಿರುಗಿಸಿ ಅಡುಗೆಮನೆಗೆ ಕಳುಹಿಸಬಲ್ಲದು. ಶಾಲೆಯ ಗಣಿತ ಅಡುಗೆಮನೆಯಲ್ಲಿ ಹೀಗೆ ಕೆಲಸಕ್ಕೆ ಬರುತ್ತದೆಂದು ನಾವು ಎಣಿಸಿರಲಿಲ್ಲ.

ನಮ್ಮ ಕೆಲಸದ ಕ್ರಮ ಹೀಗಿತ್ತು. ದಿನಾ ಬೆಳಗ್ಗೆ ಬೆಂಕಿ ಹಾಕುವ ಮೊದಲು ಹಿಂದಿನ ದಿನದ ಬೂದಿಯನ್ನು ಗೆರಟೆಯಿಂದ ಗೋರಿ ತೆಗೆಯಬೇಕು. ಒಳ್ಳೆಯ ಒಣ ಕಟ್ಟಿಗೆಯಾದರೆ ನೂರು ಪಾಲಿಗೆ ಸುಮಾರು ಒಂದು ಪಾಲು ಬೂದಿ. ಸಿಪ್ಪೆ, ಸೋಗೆ ಉರಿಸಿದರೆ ಅದಕ್ಕಿಂತ ಹೆಚ್ಚು. ಬೂದಿ ತುಂಬಿದ ಒಲೆಯಲ್ಲಿ ಗಾಳಿಗೆ ಜಾಗವಿಲ್ಲ. ಶನಿವಾರ ಒಲೆ ತಣಿದ ಮೇಲೆ ಎರಡೂ ಪಾತ್ರೆಗಳನ್ನು ಇಳಿಸಿ, ಮೊದಲನೆಯ ಕುಳಿಯಿಂದ ಎರಡನೆಯದಕ್ಕೆ ಹೋಗುವ ಸುರಂಗದಲ್ಲಿ ಕೈಹಾಕಿ ಹಾರುಬೂದಿಯನ್ನು ಎಳೆದು ತೆಗೆಯಬೇಕು. ಈ ಕೆಲಸ ನಮ್ಮಲ್ಲಿ ಕಿರಿಯವಳದು, ಅವಳ ಕೈ ಸಣ್ಣದು. ಪಾತ್ರೆಗಳ ತಳದ ಮಸಿ ತಿಕ್ಕುವುದು ನಡುವಿನವನ ಪಾಲು. ಮಸಿ ಹಿಡಿದ ತಳಕ್ಕೆ ಬಿಸಿ ತಡವಾಗಿ ಹತ್ತುತ್ತದೆ.

ತಿಂಗಳಿಗೊಮ್ಮೆ ಕೊಳವೆಯ ಸರದಿ. ಒಲೆ ಕಟ್ಟಿದ ಮೇಸ್ತ್ರಿ ಜಾಣರು. ಕೊಳವೆಯ ಬುಡದಲ್ಲಿ ಒಂದು ಇಟ್ಟಿಗೆಯನ್ನು ಗಾರೆ ಹಾಕದೆ ಬರಿಯ ಮಣ್ಣಿನಿಂದ ಮೆತ್ತಿದ್ದರು. ಆ ಇಟ್ಟಿಗೆಯನ್ನು ಕಿತ್ತು, ಉದ್ದದ ಅಡಿಕೆ ಸಲಾಕೆಯ ತುದಿಗೆ ಸವೆದ ಕಡ್ಡಿ ಹಿಡಿಸೂಡಿ ಕಟ್ಟಿ ಮೇಲಕ್ಕೆ ತುರುಕಿ ಉಜ್ಜುವುದು. ಮೂಗಿಗೆ ಒದ್ದೆ ಬಟ್ಟೆ, ಒಲೆಯ ಬಾಯಿಗೆ ಒದ್ದೆ ಗೋಣಿ ಕಡ್ಡಾಯ. ಮಸಿ ಬಿದ್ದಾದ ಮೇಲೆ ಇಟ್ಟಿಗೆಯಿಟ್ಟು ಮಣ್ಣು ಮೆತ್ತಬೇಕು. ಅಲ್ಲಿ ಸಣ್ಣ ಬಿರುಕು ಉಳಿದರೂ ಕೊಳವೆಯ ಸೆಳೆತ ಸಡಿಲಾಗುತ್ತದೆ.

ವರ್ಷದ ದೊಡ್ಡ ಕೆಲಸ ದೀಪಾವಳಿಗೆ ಮೊದಲು. ಸ್ನಾನದ ಹಂಡೆ ತಿಕ್ಕಿ ನೀರು ತುಂಬುವ ಹಬ್ಬಕ್ಕೆ ಮುನ್ನ ಅಡುಗೆಯ ಒಲೆಗೂ ಸ್ನಾನ ಎಂದು ಅಮ್ಮ ನಗುತ್ತಿದ್ದರು. ಮಳೆ ಬಿಟ್ಟು ಹಂಚು ಒಣಗಿದ ಮೇಲೆ ಅಪ್ಪ ಮಾಡಿಗೆ ಹತ್ತುತ್ತಿದ್ದರು. ಮಕ್ಕಳಿಗೆ ಆ ಅಪ್ಪಣೆ ಇರಲಿಲ್ಲ. ಕೊಳವೆಯ ತುದಿಯ ಟೋಪಿ ತೆಗೆದು, ಒಳಗೆ ಕಣಜ ಗೂಡು ಕಟ್ಟಿದೆಯೇ, ಕಸ ತುಂಬಿದೆಯೇ ಎಂದು ನೋಡಿ, ಹಗ್ಗಕ್ಕೆ ತೆಂಗಿನ ನಾರಿನ ಉಂಡೆಯನ್ನೂ ಅದರ ಕೆಳಗೆ ಕಲ್ಲನ್ನೂ ಕಟ್ಟಿ ಇಳಿಬಿಡುತ್ತಿದ್ದರು. ನಮ್ಮಲ್ಲಿ ಹಿರಿಯವನು ಕೆಳಗಿನಿಂದ ಎಳೆಯುವುದು, ಅವರು ಮೇಲಿನಿಂದ ಎಳೆಯುವುದು. ಕೊನೆಗೆ ಜೇಡಿ ಮಣ್ಣು, ಸಗಣಿ, ಭತ್ತದ ಹೊಟ್ಟು ಕಲಸಿ ಒಲೆಯ ಬಿರುಕುಗಳನ್ನು ಮುಚ್ಚಿ ಮೈ ಸಾರಿಸಿದರೆ ಒಲೆ ಹೊಸದಾದಂತೆಯೇ.

ಕೆಲವು ಎಚ್ಚರದ ಮಾತುಗಳೂ ಉಂಟು. ಬೂದಿಯೊಳಗೆ ಕೆಂಡ ರಾತ್ರಿಯಿಡೀ ಬದುಕಿರಬಲ್ಲದು. ಆದ್ದರಿಂದ ಬೂದಿಯನ್ನು ಗೋಣಿಗೆ, ಹಾಳೆಗೆ ಹಾಕದೆ ಮಣ್ಣಿನ ಅಥವಾ ತಗಡಿನ ಪಾತ್ರೆಯಲ್ಲಿ ಹೊರಗಿಡಬೇಕು. ಎರಡು ದಿನ ಕಳೆದ ಮೇಲೆ ಪಾತ್ರೆ ತಿಕ್ಕಲು, ತೆಂಗಿನ ಬುಡಕ್ಕೆ ಹಾಕಲು ಅದು ಉತ್ತಮ. ಅದರಲ್ಲಿ ಗಿಡಕ್ಕೆ ಬೇಕಾದ ಪೊಟ್ಯಾಶ್ ಇದೆ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟೂ ನೀರಿರಬಹುದು. ಅದನ್ನು ಉರಿಸಿದರೆ ಕೊಳವೆಯಲ್ಲಿ ಅಂಟು ಬೇಗ ಕಟ್ಟುತ್ತದೆ, ಆ ಅಂಟಿಗೇ ಬೆಂಕಿ ಹಿಡಿಯುವ ಅಪಾಯವೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೆಂಡವಿರುವ ಕೋಣೆಯನ್ನು ಮುಚ್ಚಿ ಒಳಗೆ ಮಲಗಬಾರದು. ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಬಂದದ್ದು ತಿಳಿಯುವ ಮೊದಲೇ ಪ್ರಾಣ ಹೋಗಬಹುದು.

ನಮ್ಮ ಸುತ್ತಿನ ಹಲವು ಮನೆಗಳಲ್ಲಿ ಇಂಥ ಒಲೆಗಳು ಬಂದ ಎರಡು ಮೂರು ವರ್ಷದಲ್ಲೇ ಒಡೆದುಹೋದವು. ದೊಡ್ಡ ಕೊಳ್ಳಿ ತುರುಕಲೆಂದು ಕೆಲವರು ಬಾಯಿ ಅಗಲಿಸಿದರು. ಕೆಲವು ಕಡೆ ಕೊಳವೆಯನ್ನು ಮಾಡಿನ ಒಳಗೇ ನಿಲ್ಲಿಸಿಬಿಟ್ಟಿದ್ದರು. ಇನ್ನು ಹಲವೆಡೆ ಒಲೆಯ ಚಾಕರಿಯೆಲ್ಲ ಒಬ್ಬ ಹೆಂಗಸಿನ ಮೇಲೆಯೇ ಬಿತ್ತು. ಹಟ್ಟಿ, ತೋಟ, ಅಡುಗೆ, ಮಕ್ಕಳು ಎಲ್ಲ ಮುಗಿಸಿ ಅವಳು ಕೊಳವೆ ಉಜ್ಜುವುದು ಯಾವಾಗ? "ಹೊಸ ಒಲೆ ಹೊಗೆ ಕಾರುತ್ತದೆ" ಎಂಬ ದೂರು ಹುಟ್ಟಿತು, ಹಾರೆ ಬಿತ್ತು. ಕೇಂದ್ರದ ಆ ಯೋಜನೆ 2002ರಲ್ಲಿ ನಿಂತುಹೋಯಿತು. ಒಲೆ ಕೊಟ್ಟರೆ ಸಾಲದು, ಅದನ್ನು ನೋಡಿಕೊಳ್ಳುವ ಕೈಗಳೂ ಬೇಕು ಎಂಬುದನ್ನು ನಾವು ಕಣ್ಣಾರೆ ಕಂಡೆವು.

ಯಂತ್ರದ ಒಲೆಯಾದರೆ ಈ ತಾಪತ್ರಯವಿಲ್ಲವೆಂದು ಎಣಿಸಬೇಡಿ. ನಮ್ಮ ತಂಗಿಯ ಮಗ ಉತ್ತರ ಇಟಲಿಯಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಪೆಲೆಟ್ ಒಲೆ ಎಂಬುದು ಬಹಳ ಬಳಕೆಯಲ್ಲಿದೆ. ಮರದ ಹುಡಿಯನ್ನು ಒತ್ತಿ ಸಣ್ಣ ಗುಳಿಗೆ ಮಾಡುತ್ತಾರೆ. ದಪ್ಪ ಆರು ಮಿಲಿಮೀಟರ್, ತೇವ ನೂರಕ್ಕೆ ಹತ್ತಕ್ಕಿಂತ ಕಡಿಮೆ. ವಿದ್ಯುತ್ತಿನ ತಿರುಪು ಅದನ್ನು ಸ್ವಲ್ಪಸ್ವಲ್ಪವಾಗಿ ಬೆಂಕಿಗೆ ದೂಡುತ್ತದೆ, ಫ್ಯಾನು ಗಾಳಿ ಕೊಡುತ್ತದೆ. ಆದರೂ ಅವನು ಬೆಂಕಿ ಬಟ್ಟಲಿನ ಬೂದಿಯನ್ನು ಆಗಾಗ ತೆಗೆಯಬೇಕು, ಮುಂದಿನ ಗಾಜಿನ ಮಸಿ ಒರಸಬೇಕು, ವರ್ಷಕ್ಕೊಮ್ಮೆ ತಿಳಿದವರನ್ನು ಕರೆಸಿ ಕೊಳವೆ ಶುಚಿ ಮಾಡಿಸಬೇಕು. ಅಂತೂ ಅಲ್ಲಿಯ ಒಲೆಗೂ ಶನಿವಾರ ತಪ್ಪಿದ್ದಲ್ಲ ಎಂದು ನಾವು ನಕ್ಕೆವು.

ಅಜ್ಜಿಯ ಕೆಮ್ಮು ಪೂರ್ತಿ ಹೋಗಲಿಲ್ಲ. ಡಾಕ್ಟರರು ಹೇಳಿದಂತೆ ಹೋದದ್ದು ತಿರುಗಿ ಬರಲಿಲ್ಲ. ರಾತ್ರಿಯ ನಿದ್ದೆ ಮಾತ್ರ ಮೊದಲಿಗಿಂತ ಉತ್ತಮವಾಯಿತು. ಅವರು 1994ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಶನಿವಾರ ಬಂತೆಂದರೆ ಮಣೆ ಹಾಕಿ ಕೂತು, "ಆ ಮೂಲೆಯಲ್ಲಿ ಬೂದಿ ಉಳಿದಿದೆ ಮಕ್ಕಳೇ" ಎಂದು ತೋರಿಸುತ್ತಿದ್ದವರು ಅವರೇ. ಅದೇ ಅಡುಗೆಮನೆಯಲ್ಲಿ ದುಡಿದ ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಗುಡ್ಡದ ಮೇಲಿನ ದೇವಸ್ಥಾನಕ್ಕೆ ಏದುಸಿರಿಲ್ಲದೆ ಹತ್ತುತ್ತಾರೆ. ನಮ್ಮ ಶನಿವಾರಗಳಿಗೆ ಸಿಕ್ಕ ಸಂಬಳ ಅದು ಎಂದೇ ನಾವು ತಿಳಿದಿದ್ದೇವೆ.

ಇಂದು ಹೆಚ್ಚಿನ ಮನೆಗಳಿಗೆ ಗ್ಯಾಸು ಬಂದಿದೆ. ಅಡುಗೆಮನೆಗೆ ಅದೇ ಹಿತ. ಆದರೂ ಕುಚ್ಚಲಕ್ಕಿ ಬೇಯಿಸಲು, ಸ್ನಾನದ ನೀರು ಕಾಯಿಸಲು, ದನಗಳ ಮಡ್ಡಿಗೆ ನಮ್ಮ ಊರಲ್ಲಿ ಕಟ್ಟಿಗೆಯ ಒಲೆ ಇನ್ನೂ ಉರಿಯುತ್ತದೆ. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೂ ಅಂಥ ಒಲೆ ಇದ್ದರೆ ಬರುವ ಶನಿವಾರ ಅದರ ಹೊಟ್ಟೆಯೊಳಗೊಮ್ಮೆ ಬಗ್ಗಿ ನೋಡಿ. ಗೆರಟೆ ಹಿಡಿಯಲು ಹುಡುಗ, ಹುಡುಗಿ ಎಂಬ ಭೇದವಿಲ್ಲ. ತಂದೆಯರೇ, ಕೊಳವೆಯ ತುದಿ ನೋಡಲು ಏಣಿ ಇಡುವವರು ನೀವಾಗಿರಿ. ಮಸಿ ಹಿಡಿದ ಕೈಯನ್ನು ಸಾಬೂನು ಹಾಕಿ ತೊಳೆಯಬಹುದು. ಮಸಿ ಹಿಡಿದ ಎದೆಯನ್ನು ತೊಳೆಯಲು ಯಾವ ಸಾಬೂನೂ ಇಲ್ಲ.