ತಾಯಿ ಹೇಳಿದ್ದನ್ನು ನಾನು ಬರೆದುಕೊಳ್ಳಲಿಲ್ಲ

ಮೂತ್ರದಲ್ಲಿ ಸಕ್ಕರೆ ನೋಡಲು ನಾನು ಕಲಿತದ್ದು ಬೆನೆಡಿಕ್ಟ್ ಪರೀಕ್ಷೆ. 5 ಮಿ.ಲೀ. ನೀಲಿ ದ್ರಾವಣಕ್ಕೆ 8 ಹನಿ ಮೂತ್ರ ಹಾಕಿ ಕುದಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು ಎಂದು ಬಣ್ಣ ಏರಿದಂತೆ ಪ್ಲಸ್ ಏರುತ್ತದೆ. ಆದರೆ ಇದು ಗ್ಲೂಕೋಸನ್ನಷ್ಟೇ ಹಿಡಿಯುವುದಿಲ್ಲ, ತಾಮ್ರವನ್ನು ಅಪಕರ್ಷಿಸುವ ಯಾವುದಿದ್ದರೂ ಬಣ್ಣ ಬರುತ್ತದೆ. ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ಬಾದಾಮಿಯ ಸಣ್ಣ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಾಗ ಒಬ್ಬ ತಾಯಿ ಮಗನ ಮೂತ್ರ ತಂದುಕೊಟ್ಟರು. "ಸರ್ರ, ಇವನ ಚಡ್ಡಿಗಿ ಸಬಕಾರ ಹಚ್ಚಿದಷ್ಟೂ ಕರ್ರಗಾಕ್ಕೈತ್ರಿ" ಅಂದರು. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ದಿನವೂ ಬಟ್ಟೆ ಒಗೆಯುವವರು, ಕಲೆಗಳ ಗುಣ ಬಲ್ಲವರು. ನಾನು ಕಿವಿಗೊಡಲಿಲ್ಲ. ಪ್ರನಾಳದ ತಳದಲ್ಲಿ ಕಿತ್ತಳೆ ಗಸಿ ನಿಂತಿತು, ಮೇಲಿನ ದ್ರವ ಕಂದುಗಪ್ಪಾಯಿತು. ಸಕ್ಕರೆಗೆ ಹಾಗೆ ಕಪ್ಪಾಗದು. ಕಂಡೂ "ಶುಗರ್ +++" ಎಂದು ಬರೆದು, ಉಳಿದ ಮೂತ್ರ ಚೆಲ್ಲಿಬಿಟ್ಟೆ. ರಕ್ತವನ್ನೂ ನೋಡಿಸಿ ಎನ್ನಲಿಲ್ಲ.

ಮನೆಯವರು ಹುಡುಗನಿಗೆ ಬೆಲ್ಲ, ಬಾಳೆಹಣ್ಣು ಬಿಡಿಸಿದರು. ಬನಶಂಕರಿ ಜಾತ್ರೆಯಲ್ಲಿ ಉಳಿದ ಮಕ್ಕಳು ಮಿಠಾಯಿ ತಿನ್ನುವಾಗ ಇವನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರಂತೆ. ಅದನ್ನು ಕೇಳಿದಾಗಿನ ಸಂಕಟ ಇವತ್ತಿಗೂ ಹೋಗಿಲ್ಲ.

ಬಾಗಲಕೋಟೆಯ ವೈದ್ಯರೊಬ್ಬರು ನೋಡಿದಾಗ ರಕ್ತದ ಸಕ್ಕರೆ ಸರಿಯಿತ್ತು. ಗ್ಲೂಕೋಸಿಗೆಂದೇ ಕಿಣ್ವ ಹಚ್ಚಿದ ಸ್ಟ್ರಿಪ್ಪೂ ಬಣ್ಣ ತಿರುಗಲಿಲ್ಲ. ಬೆಂಗಳೂರಿಗೆ ಕಳಿಸಿದ ಮೂತ್ರದಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಫಿ-ಮಾಸ್ ಸ್ಪೆಕ್ಟ್ರೊಮೆಟ್ರಿಯಿಂದ ಹೋಮೊಜೆಂಟಿಸಿಕ್ ಆಮ್ಲ ಪತ್ತೆಯಾಯಿತು: ಆಲ್ಕ್ಯಾಪ್ಟೊನ್ಯೂರಿಯಾ. ಟೈರೊಸಿನ್ ಒಡೆಯುವ ಹಾದಿಯಲ್ಲಿ ಒಂದು ಕಿಣ್ವ ಕೆಲಸ ಮಾಡದೆ ಈ ಆಮ್ಲ ದಿನಕ್ಕೆ ಗ್ರಾಂಗಟ್ಟಲೆ ಮೂತ್ರಕ್ಕೆ ಇಳಿಯುತ್ತದೆ. ಗಾಳಿಗೆ ನಿಧಾನವಾಗಿ, ಕ್ಷಾರಕ್ಕೆ ಬೇಗ ಕಪ್ಪಾಗುತ್ತದೆ. ಸಬಕಾರದಲ್ಲಿ ಕ್ಷಾರವಿದೆ, ಬೆನೆಡಿಕ್ಟ್ ದ್ರಾವಣದಲ್ಲಿ ಸೋಡಾ ಇದೆ. ಆ ತಾಯಿ ಬಟ್ಟೆಯಲ್ಲಿ ಕಂಡದ್ದನ್ನೇ ನಾನು ಪ್ರನಾಳದಲ್ಲಿ ಕಂಡಿದ್ದೆ!

ಜರ್ಮನಿಯ ಬೋಡೆಕರ್ 1859ರಲ್ಲೇ ಇಂಥ ಮೂತ್ರದಲ್ಲಿರುವುದು ಸಕ್ಕರೆಯಲ್ಲ, ಬೇರೆಯದೇ ಒಂದು ವಸ್ತು ಎಂದು ಗುರುತಿಸಿದ್ದ. ರಕ್ತಸಂಬಂಧದ ಮದುವೆಗಳ ಮಕ್ಕಳಲ್ಲಿ ಇದು ಹೆಚ್ಚೆಂದು ಇಂಗ್ಲೆಂಡಿನ ಗ್ಯಾರಡ್ 1902ರಲ್ಲಿ ತೋರಿಸಿದ. ಈ ತಾಯಿಯನ್ನು ಕೊಟ್ಟದ್ದು ಸೋದರಮಾವನಿಗೇ. ಅದನ್ನೂ ನಾನು ಕೇಳಿರಲಿಲ್ಲ.

ಅವರ ಮನೆಗೆ ಹೋಗಿ, ವರದಿ ತಪ್ಪು, ತಪ್ಪು ನನ್ನದು ಎಂದು ಹೇಳಿ ಬಂದೆ. ಈಗ ಬೆನೆಡಿಕ್ಟ್‌ಗೆ ಬಣ್ಣ ಬಂದರೆ ಸ್ಟ್ರಿಪ್ಪನ್ನೂ ಅದ್ದುತ್ತೇನೆ. ಎರಡೂ ಹೊಂದದಿದ್ದರೆ ಮೂತ್ರವನ್ನು ಸಂಜೆಯವರೆಗೆ ತೆರೆದಿಡುತ್ತೇನೆ. ತಂದವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ.

ಹುಡುಗನಿಗೆ ಸದ್ಯಕ್ಕೆ ನೋವಿಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಮೂವತ್ತರ ಆಸುಪಾಸಿನಲ್ಲಿ ಬೆನ್ನು, ಕೀಲುಗಳನ್ನು ಹಿಡಿಯುತ್ತದೆ. ಮೂತ್ರದಲ್ಲಿ ಆ ಆಮ್ಲವನ್ನು ತಗ್ಗಿಸುವ ನಿಟಿಸಿನೋನ್ ಎಂಬ ಮಾತ್ರೆಗೆ ಯುರೋಪಿನಲ್ಲಿ 2020ರಲ್ಲಿ, ವಯಸ್ಕ ರೋಗಿಗಳಿಗೆ ಕೊಡಲು, ಒಪ್ಪಿಗೆ ಸಿಕ್ಕಿದೆ. ಇವನು ದೊಡ್ಡವನಾಗುವಷ್ಟರಲ್ಲಿ ಅದು ಬಾಗಲಕೋಟೆಯಲ್ಲೂ ಸಿಗಬೇಕು, ಈ ಮನೆಯವರು ಕೊಳ್ಳಬಲ್ಲ ಬೆಲೆಗೆ.