ತೀರ್ಥಕ್ಕೆ ಹೋದ ಮೂರು ಚೀಲ ಸಾವಿ

ಹುಬ್ಬಳ್ಳಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿ, ಕಿಟಕಿ ಪಕ್ಕ ಸೀಟು ಹಿಡಿದು, ಒಂದು ಪೊಟ್ಟಣ ಶೇಂಗಾ ಮುಗಿಸುವಷ್ಟರಲ್ಲಿ ಕುಂದಗೋಳ ಬಂದುಬಿಡುತ್ತದೆ. ಸಂಗೀತ ಗೊತ್ತಿದ್ದವರಿಗೆ ಇದು ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಇದೇ ದಾರಿಯಲ್ಲಿ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರಂತೆ. ನನಗೆ ಮಾತ್ರ ಚಿಕ್ಕಂದಿನಿಂದಲೂ ಕುಂದಗೋಳ ಅಂದರೆ ದೊಡ್ಡವ್ವನ ಊರಿಗೆ ಟಂಟಂ ಸಿಗುವ ಜಾಗ, ಅಷ್ಟೇ.

ಈ ಸಲ ಎಳ್ಳಮಾಸಿಗೆ ಅಂತ ನಾಲ್ಕು ದಿನ ರಜೆ ಹಾಕಿ ಹೋಗಿದ್ದೆ. ಲ್ಯಾಪ್‌ಟಾಪ್ ಬೆಂಗಳೂರಲ್ಲೇ ಬಿಟ್ಟಿದ್ದೆ, ಮ್ಯಾನೇಜರ್‌ಗೆ ನೆಟ್‌ವರ್ಕ್ ಇರಲ್ಲ ಅಂತ ಹೇಳಿದ್ದೆ. (ಇತ್ತು. ನಾಲ್ಕು ಗೆರೆ ತುಂಬ.)

ಆ ದಿನಗಳಲ್ಲಿ ಕುಂದಗೋಳದ ಎರಿ ಹೊಲ ನೋಡಬೇಕು. ಒಂದು ಕಡೆ ಎದೆಮಟ್ಟ ಬಿಳಿಜೋಳ, ಇನ್ನೊಂದು ಕಡೆ ಕಡ್ಲಿ, ಬದುವಿನಲ್ಲಿ ಮುಳ್ಳು ಮುಳ್ಳಾದ ಕುಸುಬಿ. ಅಲ್ಲಲ್ಲಿ ಕಣದ ತುಂಬ ಕೆಂಪಗೆ ಹರವಿದ ಮೆಣಸಿನಕಾಯಿ. ಚರಗ ಚೆಲ್ಲಿ, ಹೊಲದಲ್ಲೇ ಕೂತು ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಳ್ಳಹೋಳಿಗಿ ಉಂಡು ಮನೆಗೆ ಬಂದಾಗ ಸಂಜೆಯಾಗಿತ್ತು. ಕೈಕಾಲು ತೊಳೆದುಕೊಳ್ಳುತ್ತಿದ್ದಾಗ ದೊಡ್ಡವ್ವ ಹೇಳಿದಳು:

“ನಾಳೆ ತೀರ್ಥಕ್ಕ ಹೋಗೂದೈತಿ. ಲಗೂನ ಏಳು.”

“ಯಾವ ದೇವರಿಗೆ ದೊಡ್ಡವ್ವ?”

“ದೇವರಲ್ಲವಾ, ಊರು. ಅಲ್ಲಿ ಸಾವಿ ಅಕ್ಕಿ ಮಾಡೂ ಮಷೀನ ಐತಿ.”

ಪಡಸಾಲೆಯ ಮೂಲೆಯಲ್ಲಿ ನಾಲ್ಕು ಚೀಲ ಇದ್ದವು. ಸಾವಿ ಅಂದರೆ ನಾವು ಬೆಂಗಳೂರಲ್ಲಿ ಸಾಮೆ ಅನ್ನುತ್ತೇವಲ್ಲ, ಅದೇ. ಸೂಪರ್ ಮಾರ್ಕೆಟ್ಟಿನಲ್ಲಿ ಚಂದದ ಪ್ಯಾಕೆಟ್‌ನಲ್ಲಿ ಕೂತು, ಡಯಟ್ ಶುರು ಮಾಡಿದ ವಾರ ಮಾತ್ರ ನಮ್ಮ ಮನೆಗೆ ಬರುವ ಸಾಮೆ. ದೊಡ್ಡವ್ವ ಒಂದೆಕರೆಯಲ್ಲಿ ಹಾಕಿದ್ದಳು. ಮಗನ ಜತೆ ಜಗಳ ಆಡಿ ಹಾಕಿದ್ದಳು, ಅದು ಆಮೇಲೆ ಗೊತ್ತಾಯಿತು.

ಸಿರಿಧಾನ್ಯ ಯಾಕೆ ಹೊಲದಿಂದ ಹೋಯಿತು ಅಂತ ನಾನು ಓದಿದ್ದೆಲ್ಲ ಹತ್ತಿ, ಹೈಬ್ರಿಡ್ ಬೀಜ, ಗೊಬ್ಬರ, ರೇಷನ್ ಅಕ್ಕಿ ಅಂತಲೇ ಇತ್ತು. ಅದೆಲ್ಲ ನಿಜವೇ. ಆದರೆ ಆ ರಾತ್ರಿ ದೊಡ್ಡವ್ವ ಹೇಳಿದ ಕಾರಣ ಯಾವ ಲೇಖನದಲ್ಲೂ ಇಷ್ಟು ನೇರವಾಗಿ ಓದಿದ ನೆನಪಿಲ್ಲ. ಅವಳು ಮದುವೆಯಾಗಿ ಬಂದಾಗ ಮನೆಯಲ್ಲಿ ಹನ್ನೆರಡು ಮಂದಿ. ಬೆಳಕು ಹರಿಯುವ ಮೊದಲೇ ಎದ್ದು ಮೂವರು ಸೊಸೆಯಂದಿರು ಒಳ್ಳಿನಲ್ಲಿ ಸಾವಿ ಕುಟ್ಟಬೇಕು. ಕುಟ್ಟುವುದು, ಮರದಲ್ಲಿ ಕೇರುವುದು, ಸಿಪ್ಪೆ ಬಿಡದ ಕಾಳನ್ನು ಮತ್ತೆ ಕುಟ್ಟುವುದು. “ಎರಡ ತಾಸು ಕುಟ್ಟಿದ್ದು ಒಂದ ಊಟಕ್ಕ ಖಾಲಿ. ರೇಷನ್ ಅಕ್ಕಿ ಮನಿಗೆ ಬಂದ ದಿನ ನಿಮ್ಮಜ್ಜಿ ಒನಕಿ ತಗೊಂಡು ಅಟ್ಟದ ಮ್ಯಾಲೆ ಇಟ್ಲು. ಮತ್ತ ಯಾರೂ ಇಳಸಲಿಲ್ಲ.”

ಯೋಚಿಸಿದರೆ ಇದರಲ್ಲೊಂದು ಸೂಕ್ಷ್ಮ ಇದೆ. ಜೋಳ, ಸಜ್ಜೆ, ರಾಗಿಗೆ ಬಿಡಿಸಬೇಕಾದ ಗಟ್ಟಿ ಸಿಪ್ಪೆ ಇಲ್ಲ. ಹಸನು ಮಾಡಿ ನೇರ ಗಿರಣಿಗೆ ಒಯ್ದರೆ ಹಿಟ್ಟು. ಸಾಮೆ, ನವಣೆ, ಊದಲು, ಕೊರಲೆ, ಹಾರಕ ಹಾಗಲ್ಲ, ಸಿಪ್ಪೆ ತೆಗೆಯದೆ ತಿನ್ನಲಾಗದು. ಹಳ್ಳಿಗೆ ಹಿಟ್ಟಿನ ಗಿರಣಿ ಬಂದಾಗ ಜೋಳದ ರೊಟ್ಟಿ ಬದುಕಿತು. ಸಾವಿಗೆ ಅಂತ ಯಾವ ಗಿರಣಿಯೂ ಬರಲಿಲ್ಲ, ಅದರ ಭಾರವೆಲ್ಲ ಹೆಣ್ಣುಮಕ್ಕಳ ರಟ್ಟೆಯ ಮೇಲೇ ಉಳಿಯಿತು. ರಟ್ಟೆ ಸಾಕು ಅಂದ ದಿನ ಸಾವಕ್ಕಿ ಅನ್ನವೂ ಹೋಯಿತು. ನಮ್ಮ ಅಜ್ಜಿಯ ಕಾಲದ ಊಟ ಎಷ್ಟು ಆರೋಗ್ಯಕರ ಅಂತ ಸ್ಟೇಟಸ್ ಹಾಕುವಾಗ ಈ ಒಳ್ಳು-ಒನಕೆ ನನಗಂತೂ ಯಾವತ್ತೂ ನೆನಪಾಗಿರಲಿಲ್ಲ.

ಬೆಳಿಗ್ಗೆ ಮೂರು ಚೀಲ ಟಂಟಂಗೆ ಏರಿಸಿದೆವು. ನಾಲ್ಕನೆಯದು ಮನೆಯಲ್ಲೇ ಉಳಿಯಿತು. ಯಾಕೆ ಅಂದರೆ “ಅದು ಬ್ಯಾರೆ” ಅಂದಳು.

ತೀರ್ಥ ಕುಂದಗೋಳ ತಾಲ್ಲೂಕಿನದೇ ಹಳ್ಳಿ. ಇಲ್ಲಿ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಅಂತ ಇದೆ. 2018ರಲ್ಲಿ 15 ಹೆಣ್ಣುಮಕ್ಕಳು ಸೇರಿ ಕಟ್ಟಿದ್ದು. ದೇಸಿ ಬೀಜ ಉಳಿಸುವ ಸಹಜ ಸಮೃದ್ಧ ಸಂಸ್ಥೆ ಇವರ ಜತೆ ನಿಂತಿತು. ಸಮುದಾಯ ಬೀಜ ಬ್ಯಾಂಕು ಆಯಿತು, ಸೆಲ್ಕೋ ಫೌಂಡೇಶನ್ ನೆರವಿನಿಂದ ಸೋಲಾರ್‌ನಲ್ಲಿ ಓಡುವ ಸಿರಿಧಾನ್ಯ ಸಂಸ್ಕರಣಾ ಘಟಕ ಬಂತು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಅಂದರೆ ಯುಎನ್‌ಡಿಪಿ, ಕೊಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಬಂದಾಗ ನಾನು ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಆ ಸುದ್ದಿಯನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. “ನಮ್ಮ ಕಡೆಯವರು” ಅಂತ ಹೆಮ್ಮೆಯಿಂದ. ದೊಡ್ಡವ್ವ ಆಗಲೇ ಅಲ್ಲಿಂದ ಬೀಜ ತಂದು ಬಿತ್ತಿ, ಸಾವಿ ಗೇಣುದ್ದ ಬೆಳೆದಿತ್ತು ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಯಂತ್ರದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಎಂಜಿನಿಯರಿಂಗ್ ಓದಿದ್ದಕ್ಕೆ ಅರ್ಥವಿಲ್ಲ. ಮೊದಲು ಕಲ್ಲು, ಮಣ್ಣು, ಜೊಳ್ಳು ಬೇರೆ ಮಾಡಬೇಕು. ಸಾವಿ ಕಾಳು ಎಷ್ಟು ಸಣ್ಣದೆಂದರೆ ಅದರ ಗಾತ್ರದ ಮರಳಿನ ಹರಳೂ ಜತೆಗೆ ಬಂದಿರುತ್ತದೆ. ಆಮೇಲೆ ಸಿಪ್ಪೆ ಬಿಡಿಸುವುದು. ಇಂಥ ಯಂತ್ರಗಳಲ್ಲಿ ಹೆಚ್ಚಿನವು ಕಾಳನ್ನು ಜೋರಾಗಿ ತಿರುಗಿಸಿ ಗೋಡೆಗೆ ಎಸೆಯುತ್ತವೆ, ಆ ಏಟಿಗೆ ಸಿಪ್ಪೆ ಬಿಡುತ್ತದೆ. ಹಗುರಾದ ಹೊಟ್ಟನ್ನು ಗಾಳಿ ಎಳೆದುಕೊಂಡು ಹೋಗುತ್ತದೆ. ವೇಗ ಕಮ್ಮಿಯಾದರೆ ಸಿಪ್ಪೆ ಉಳಿಯುತ್ತದೆ, ಹೆಚ್ಚಾದರೆ ಕಾಳು ನುಚ್ಚಾಗುತ್ತದೆ. ನವಣೆಗೆ ಇಟ್ಟ ಸೆಟ್ಟಿಂಗ್ ಸಾಮೆಗೆ ಆಗಲ್ಲ. ಭತ್ತದ ಮಿಲ್ಲಿನವರು ಇದರ ಉಸಾಬರಿಗೆ ಹೋಗದಿರುವುದು ಅದಕ್ಕೇ ಇರಬೇಕು. ಒಂದು ಕ್ವಿಂಟಲ್ ಸಾವಿ ಹಾಕಿದರೆ 60 ಕಿಲೋ ಆಸುಪಾಸು ಅಕ್ಕಿ. ಉಳಿದದ್ದು ಹೊಟ್ಟು, ತೌಡು, ನುಚ್ಚು.

ಇನ್ನೊಂದು ವಿಷಯ. ಸಿಪ್ಪೆ ಇದ್ದ ಸಾವಿ ವರ್ಷಗಟ್ಟಲೆ ಕೆಡುವುದಿಲ್ಲ. ಅಕ್ಕಿ ಮಾಡಿದ ಮೇಲೆ ಅದರ ಎಣ್ಣೆ ಅಂಶಕ್ಕೆ ಗಾಳಿ ತಾಗಿ ಕೆಲವೇ ತಿಂಗಳಲ್ಲಿ ವಾಸನೆ ಹಿಡಿಯುತ್ತದೆ. ಅಂದರೆ ಒಮ್ಮೆಲೇ ದೊಡ್ಡ ಮಿಲ್ಲಿಗೆ ಒಯ್ದು ಅಕ್ಕಿ ಮಾಡಿಸಿಟ್ಟುಕೊಳ್ಳುವ ಹಾಗಿಲ್ಲ. ಬೇಕಾದಾಗ ಬೇಕಾದಷ್ಟು ಮಾಡಿಸಿಕೊಳ್ಳಬೇಕು, ಅದಕ್ಕೆ ಯಂತ್ರ ಹತ್ತಿರದಲ್ಲೇ ಇರಬೇಕು.

ನಮ್ಮ ಸರದಿ ಬರುವವರೆಗೆ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಲೆಕ್ಕ ಹಾಕಿದೆ. ಹಿಂದಿನ ವರ್ಷ ದೊಡ್ಡವ್ವನ ಓಣಿಯ ಒಬ್ಬರು ಸಿಪ್ಪೆಸಹಿತ ಸಾವಿಯನ್ನು ಕಿಲೋಗೆ 30 ರೂಪಾಯಿಗೆ ಮಾರಿದ್ದರಂತೆ. ಒಂದು ಕಿಲೋ ಅಕ್ಕಿಯ ಲೆಕ್ಕಕ್ಕೆ ತಂದರೆ 50 ರೂಪಾಯಿ. ನಾನು ಬೆಂಗಳೂರಲ್ಲಿ ಅರ್ಧ ಕಿಲೋ ಪ್ಯಾಕೆಟ್‌ಗೆ ಕೊಟ್ಟದ್ದು 75, ಅಂದರೆ ಕಿಲೋಗೆ 150. ನಡುವಿನ 100 ರೂಪಾಯಿಯಲ್ಲಿ ಲಾರಿ ಇದೆ, ಪ್ಯಾಕೆಟ್ ಇದೆ, ಅಂಗಡಿ ಬಾಡಿಗೆ ಇದೆ, ಒಪ್ಪೋಣ. ಆದರೆ ಸಿಪ್ಪೆ ಬಿಡಿಸುವ ಕೆಲಸವೂ ಅದರಲ್ಲೇ ಇದೆ. ತಲೆಮಾರುಗಟ್ಟಲೆ ಹೆಂಗಸರು ಪುಕ್ಕಟೆ ಮಾಡಿದ ಕೆಲಸ ಅದು. ಯಂತ್ರಕ್ಕೆ ಹೋದ ಕೂಡಲೇ ಅದಕ್ಕೆ ರೇಟು ಬಂತು. ಆ ರೇಟು ಊರ ಹೆಣ್ಣುಮಕ್ಕಳ ಸಂಘಕ್ಕೆ ಸಿಗುತ್ತದೋ, ಎಲ್ಲೋ ಇರುವ ಮಿಲ್ಲಿಗೆ ಸಿಗುತ್ತದೋ ಅನ್ನುವುದರಲ್ಲೇ ಎಲ್ಲ ಇದೆ ಅಂತ ನನಗೆ ಅನ್ನಿಸಿತು. ಯಂತ್ರ ಕೊಟ್ಟ ಮಾತ್ರಕ್ಕೆ ಇದಾಗುವುದಿಲ್ಲ ಬಿಡಿ. ಸಹಾಯಧನದಲ್ಲಿ ಬಂದ ಯಂತ್ರಗಳು ತಾಡಪತ್ರಿ ಹೊದ್ದು ಮಲಗಿದ್ದನ್ನು ಬೇರೆ ಊರುಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಬೀಜ, ಬೆಳೆ, ಯಂತ್ರ ಮೂರೂ ಒಂದೇ ಕೈಯಳತೆಯಲ್ಲಿ ಇರುವುದು ಅಪರೂಪ.

ಮಧ್ಯಾಹ್ನದ ಹೊತ್ತಿಗೆ ಮೂರು ಚೀಲ ಸಾವಿ ಅಕ್ಕಿಯಾಗಿ ಬಂತು. ದೊಡ್ಡವ್ವ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡಿದಳು, ಊದಿದಳು, ಎರಡು ಕಾಳು ಬಾಯಿಗೆ ಹಾಕಿಕೊಂಡಳು. ಎಡ ಭುಜ ಎತ್ತಲಾಗದು ಅವಳಿಗೆ, ಬಹಳ ವರ್ಷದಿಂದ. ಮಾತೇ ಆಡಲಿಲ್ಲ.

ಮನೆಯಲ್ಲಿ ಅಣ್ಣ ಕಾಯುತ್ತಿದ್ದ. ಅವನೇನು ಖಳನಾಯಕನಲ್ಲ. “ಹತ್ತಿ ಹಾಕಿದ್ರ ರೊಕ್ಕ ಕಣ್ಣಿಗೆ ಕಾಣತೈತಿ. ಸಾವಿ ಹಾಕಿದ್ರ ಮನ್ಯಾಗ ಉಣ್ಣಾಕ ಆತು, ಸಾಲಕ್ಕ ಏನ ಮಾಡೂದು?” ಅವನ ಪ್ರಶ್ನೆಯೂ ಸರಿಯೇ. ಹತ್ತಿಯ ಬೀಜ, ಔಷಧಿಯ ಖರ್ಚು ಬರೆದು ತೋರಿಸಿದೆ. ಸಾವಿಗೆ ಎಕರೆಗೆ ನಾಲ್ಕು ಕಿಲೋ ಬೀಜ ಸಾಕು, ಔಷಧಿ ಹೊಡೆದಿಲ್ಲ. ಅವನು ಒಪ್ಪಲಿಲ್ಲ, ಆದರೆ ಚೀಟಿ ಮಡಚಿ ಜೇಬಿಗಿಟ್ಟುಕೊಂಡ.

ಆಗ ನೆನಪಾಯಿತು. ಸಿರಿಧಾನ್ಯ ಬೆಳೆದರೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವ ರೈತ ಸಿರಿ ಅಂತ ರಾಜ್ಯ ಸರ್ಕಾರದ ಯೋಜನೆ ಇತ್ತಲ್ಲ, ಅಂಥದ್ದಕ್ಕೆ ಅರ್ಜಿ ಹಾಕಿದ್ದೀಯಾ ಅಂತ ದೊಡ್ಡವ್ವನನ್ನು ಕೇಳಿದೆ. ನಕ್ಕಳು. “ಉತಾರ ಯಾರ ಹೆಸರಿಗೈತಿ ಗೊತ್ತೈತೇನ?”

ದೊಡ್ಡಪ್ಪನ ಹೆಸರಿಗಿದೆ. ದೊಡ್ಡಪ್ಪ ತೀರಿಕೊಂಡು ಆರು ವರ್ಷ. ವಾರಸಾ ಹಚ್ಚಿಯೇ ಇಲ್ಲ. ಇಂಥ ಸಹಾಯಧನಕ್ಕೆ ಫ್ರೂಟ್ಸ್ ಐಡಿ ಬೇಕು, ಐಡಿಗೆ ಉತಾರದಲ್ಲಿ ಹೆಸರು ಬೇಕು. ಉತ್ತಿದ್ದು, ಬಿತ್ತಿದ್ದು, ಕೊಯ್ದಿದ್ದು, ಇವತ್ತು ಅಕ್ಕಿ ಮಾಡಿಸಿ ತಂದದ್ದು ಇವಳು. ದಾಖಲೆಯಲ್ಲಿ ಇವಳು ರೈತಳೇ ಅಲ್ಲ. ಇವಳೊಬ್ಬಳ ಕತೆಯೂ ಅಲ್ಲ ಇದು: 2015-16ರ ಕೃಷಿ ಗಣತಿಯಲ್ಲಿ ಇಡೀ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ಶೇ. 14ರಷ್ಟು ಮಾತ್ರ.

“ಅವ್ವನ ಹೆಸರೂ ಕೂಡಸೂನು” ಅಂದೆ. ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಉತಾರದಲ್ಲಿ ಒಂದು ಹೆಸರು ಸೇರಿದರೆ ಸಾಲಕ್ಕೆ, ಮಾರಾಟಕ್ಕೆ, ಎಲ್ಲಕ್ಕೂ ಆ ಹೆಬ್ಬೆಟ್ಟೂ ಬೇಕಾಗುತ್ತದೆ. ಅದು ಅವನಿಗೂ ಗೊತ್ತು, ದೊಡ್ಡವ್ವನಿಗೂ ಗೊತ್ತು. ಅತ್ತಿಗೆ ಚಹಾ ತಂದಿಟ್ಟು ಅಲ್ಲೇ ಬಾಗಿಲ ಹತ್ತಿರ ನಿಂತಳು. ಚಹಾ ಮುಗಿದ ಮೇಲೆ ಅಣ್ಣ ಒಳಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ದೊಡ್ಡಪ್ಪನ ಮರಣ ಪ್ರಮಾಣಪತ್ರದ ಝೆರಾಕ್ಸ್ ತಂದು ಸಾವಿ ಚೀಲದ ಮೇಲಿಟ್ಟ. “ಬಂಶಾವಳಿ ಮಾಡಸಬೇಕು. ಆಮ್ಯಾಲೆ ನೋಡೂನು” ಅಂದ. ನೋಡೂನು ಅಂದರೆ ಹೌದು ಅಂತಲೂ ಆಗುತ್ತದೆ, ಇಲ್ಲ ಅಂತಲೂ.

ಹೊರಡುವ ದಿನ ನಾಲ್ಕನೇ ಚೀಲದ ಗುಟ್ಟು ತಿಳಿಯಿತು. ಬೀಜಕ್ಕೆ ಅಂತ ತೆನೆ ಆರಿಸಿ ಬೇರೆ ಬಡಿದದ್ದು ಅದರಲ್ಲಿತ್ತು. ತಂದಷ್ಟಕ್ಕೆ ಎರಡರಷ್ಟು ಬೀಜ ಬ್ಯಾಂಕಿಗೆ ತಿರುಗಿ ಕೊಡಬೇಕಂತೆ. ಉಳಿದದ್ದರಲ್ಲಿ ನಾಲ್ಕು ಕಿಲೋ ಅತ್ತಿಗೆಯ ತವರಿಗೆ, ಮತ್ತೊಂದಿಷ್ಟು ಓಣಿಯ ಇಬ್ಬರಿಗೆ. ಬರುವ ಮುಂಗಾರಿಗೆ ತನ್ನ ಒಂದೆಕರೆಗೂ ತೆಗೆದಿಟ್ಟಿದ್ದಳು, ಬೇವಿನ ಎಲೆ ಹಾಕಿ.

ನನಗೆ ಎರಡು ಕಿಲೋ ಅಕ್ಕಿ ಕಟ್ಟಿಕೊಟ್ಟಳು. ಕುಂದಗೋಳ ಸ್ಟೇಷನ್ನಿನವರೆಗೂ ಬಂದು, ರೈಲು ಹೊರಡುವಾಗ ಕಿಟಕಿಯ ಹತ್ತಿರ ಹೇಳಿದಳು: “ಫ್ರಿಜ್ಜಿನ್ಯಾಗ ಇಡು. ಎರಡ ತಿಂಗಳದಾಗ ಉಂಡ ಮುಗಸು, ಇಟ್ಟು ಕೆಡಿಸಬ್ಯಾಡ. ಮತ್ತ ವಾರಸಾದ್ದು ಏನಾತು ಅಂತ ನೀ ಅಣ್ಣಗ ಫೋನ್ ಮಾಡಿ ಕೇಳಬ್ಯಾಡ. ನಾನ ಕೇಳ್ತೀನಿ.”