ರೆಕ್ಕೆಯಂಚಿನ ಗೆರೆ

ಜೂನ್ ತಿಂಗಳ ಶ್ರೀನಿವಾಸಪುರದಲ್ಲಿ ಎತ್ತ ತಿರುಗಿದರೂ ಮಾವು. ಮಂಡಿಗೆ ಹೊರಟ ತೋತಾಪುರಿ ಲೋಡುಗಳನ್ನು ದಾಟಿಕೊಂಡು ನಾವು ತೋಟಕ್ಕೆ ಹೋದದ್ದು ಮಾತ್ರ ಊಜಿ, ಅಂದರೆ ಹಣ್ಣಿನ ನೊಣ, ನೋಡಲು.

ಯಜಮಾನರು ಕೊಂಬೆಯಲ್ಲಿದ್ದ ಮೋಹಕ ಬಲೆ ಬಿಚ್ಚಿ ಬಿಳಿ ಕಾಗದದ ಮೇಲೆ ಸುರಿದರು. "ಎಲ್ಲಾ ಊಜೀನೇ ಸಾರ್." ಬಲೆಯೊಳಗಿನ ಮರದ ತುಂಡಿಗೆ ಮೀಥೈಲ್ ಯೂಜಿನಾಲ್ ಹೀರಿಸಿರುತ್ತಾರೆ. ತುಳಸಿಯಲ್ಲೂ ಇರುವ ದ್ರವ್ಯ ಅದು. ಗಂಡು ನೊಣ ಅದನ್ನು ತಿಂದು, ತನ್ನ ಮೈಯಲ್ಲೇ ಹೆಣ್ಣನ್ನು ಸೆಳೆಯುವ ಗಂಧ ಮಾಡಿಕೊಳ್ಳುತ್ತದೆ!

ಕೀಟಶಾಸ್ತ್ರ ಓದಿದ ಗೆಳೆಯ ಭೂತಗನ್ನಡಿ ಕೈಗಿತ್ತ. "ರೆಕ್ಕೆಯ ಮುಂದಿನ ಅಂಚು ನೋಡು." ಒಂದರಲ್ಲಿ ತುದಿಯವರೆಗೂ ಎಲ್ಲೂ ಕಡಿಯದ ಸಣ್ಣ ಕಂದು ಗೆರೆ, ಹೊಟ್ಟೆಯ ಮೇಲೆ ‘ಟಿ’ ಆಕಾರದ ಕಪ್ಪು ಗುರುತು. ಅದು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಇನ್ನೊಂದರಲ್ಲಿ ಗೆರೆ ನಡುವೆ ತುಂಡಾಗಿ ತುದಿಯಲ್ಲೊಂದು ಚುಕ್ಕೆ, ಮುಖಕ್ಕೆ ಅಡ್ಡ ಕಪ್ಪು ಪಟ್ಟೆ, ಕರೆಕ್ಟಾ. ಕೆಂಗಂದು ಮೈಯದು ಜೊನಾಟಾ. ಅಕ್ಕಿಕಾಳಿಗಿಂತ ತುಸು ದೊಡ್ಡ ಜೀವ. ಅದರ ಗುರುತಿನ ಚೀಟಿ ಕೂದಲೆಳೆಯಷ್ಟು ಗೆರೆಯಲ್ಲಿದೆ. ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣು ಸುತ್ತುವ ಡ್ರಾಸೊಫಿಲಾದ ಕುಲವೇ ಬೇರೆ. ಅದಕ್ಕೆ ಕೊಳೆತದ್ದು ಸಾಕು. ಡಾರ್ಸಾಲಿಸ್ ಹೆಣ್ಣು ಮರದಲ್ಲೇ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಉದುರಿದ್ದ ಹಣ್ಣೊಂದನ್ನು ಯಜಮಾನರು ಕೊಯ್ದರು. ಲೊಳಲೊಳ ತಿರುಳಿನಿಂದ ಬಿಳಿ ಹುಳು ಹೊರಬಂತು, ಮೈ ಬಾಗಿಸಿ ಬಾಲಕ್ಕೆ ಬಾಯಿ ತಾಗಿಸಿತು, ಚಟ್ಟನೆ ನೆಗೆಯಿತು. ಕಾಲಿಲ್ಲದ ಹುಳು ಹಾರುವುದನ್ನು ನಾನು ಕಂಡಿರಲಿಲ್ಲ. ಹಾಗೆ ಹಾರಿ ಮಣ್ಣು ಸೇರಿ ಕೋಶವಾಗುತ್ತದಂತೆ. ಉದುರಿದ ಹಣ್ಣನ್ನು ಆರಿಸಿ ಆಳವಾಗಿ ಹೂಳಬೇಕೆನ್ನುವುದು ಇದಕ್ಕೇ.

2003ರಲ್ಲಿ ಕೀನ್ಯಾದಲ್ಲಿ ಇದೇ ಡಾರ್ಸಾಲಿಸ್ ನೊಣ ಕಂಡಾಗ, ಬೆನ್ನಿನ ಬಣ್ಣದ ವ್ಯತ್ಯಾಸ ನೋಡಿ 2005ರಲ್ಲಿ ‘ಇನ್ವೇಡೆನ್ಸ್’ ಎಂಬ ಹೊಸ ಪ್ರಭೇದವೆಂದು ಹೆಸರಿಟ್ಟರು. ಡಿಎನ್‌ಎ ಹೋಲಿಸಿ, ಜೊತೆಗೂಡಿಸಿ ಮರಿ ಮಾಡಿಸಿ ನೋಡಿದ ಮೇಲೆ ಎರಡೂ ಒಂದೇ ಎಂದು ತೀರ್ಮಾನವಾಯಿತು. ನೊಣದ ಹೆಸರು ಯಾವುದೆಂಬುದರ ಮೇಲೆ ಹಣ್ಣಿನ ವ್ಯಾಪಾರಕ್ಕೆ ಗಡಿಗಳು ತೆರೆಯುತ್ತವೆ, ಮುಚ್ಚುತ್ತವೆ. 2014ರ ಮೇ ತಿಂಗಳಲ್ಲಿ ಯುರೋಪು ಭಾರತದ ಮಾವನ್ನು ನಿಷೇಧಿಸಿದ್ದು ಹಣ್ಣಿನಲ್ಲಿ ನೊಣದ ಹುಳು ಸಿಕ್ಕಿದ್ದರಿಂದ. ಈಗ ಅಲ್ಲಿಗೆ ಕಳಿಸುವ ಮಾವನ್ನು ಹೆಚ್ಚಾಗಿ 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡುತ್ತಾರೆ. ಒಳಗಿನ ಮೊಟ್ಟೆ ಸಾಯುತ್ತದೆ, ಹಣ್ಣು ಬೇಯುವುದಿಲ್ಲ.